ಅಣ್ಣನ ಬಲಪಾದದ ನಕ್ಷೆ

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆ ದಾಟಿ ಎಡಕ್ಕೆ ತಿರುಗಿದರೆ, ಬಾಗಿಲ ಮೇಲೆ 'ಪಾದರಕ್ಷೆ ವಿಭಾಗ' ಎಂಬ ತಗಡಿನ ಹಲಗೆ ಕಾಣುತ್ತಿತ್ತು. ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಬೂಟಿನ ಮನೆ. ಒಳಗೆ ಹೋದರೆ ಮೊದಲು ಅಂಟಿನ ವಾಸನೆ, ಆಮೇಲೆ ಚರ್ಮದ ವಾಸನೆ. ಅಲ್ಲಿಗೆ ಬರುತ್ತಿದ್ದವರು ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಳೆದುಕೊಂಡವರು. ಮೊಳೆ ಚುಚ್ಚಿದರೂ ಅವರಿಗೆ ತಿಳಿಯದು, ಬಿಸಿನೀರು ಬಿದ್ದರೂ ತಿಳಿಯದು. ಅಂಥ ಪಾದಕ್ಕೆ ಅಂಗಡಿಯ ಬೂಟು ಹಾಕಿದರೆ ಎಲ್ಲೋ ಒಂದು ಮೂಳೆ ಒತ್ತಿ ಒತ್ತಿ ಹುಣ್ಣಾಗುತ್ತದೆ, ಹುಣ್ಣು ಒಳಗೊಳಗೇ ಕೊಳೆಯುತ್ತದೆ. ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಬೂಟು. ಮೂಳೆ ಉಬ್ಬಿದ ಕಡೆ ಒಳ ಅಟ್ಟೆಯಲ್ಲಿ ಒಂದು ತಗ್ಗು.

ಆ ತಗ್ಗು ಎಲ್ಲಿ ಬರಬೇಕೆಂದು ಗೆರೆ ಎಳೆದು ತೋರಿಸುವವಳು ಅಳತೆಯಕ್ಕ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ, ಮಾತು ಕಮ್ಮಿಯ ಹೆಂಗಸು. ಮದುವೆ ಆಗಿರಲಿಲ್ಲ. ಮಾತು ಬಂದಿತ್ತು, ಎರಡು ಸಲ ಬಂದು ಎರಡು ಸಲವೂ ಹಾಗೇ ಹೋಗಿತ್ತು, ಅವಳೂ ಹಿಂದೆ ಓಡಲಿಲ್ಲ. ದಿನವಿಡೀ ಮೋಟುಸ್ಟೂಲಿನ ಮೇಲೆ ಕೂತು ಪರರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ನೈಲಾನ್ ಎಳೆಯಿಂದ ಅಲ್ಲಲ್ಲಿ ಮುಟ್ಟಿ, "ಗೊತ್ತಾಗುತ್ತಾ?" ಎಂದು ಕೇಳುತ್ತಿದ್ದಳು. ಜನ ದಾಕ್ಷಿಣ್ಯಕ್ಕೆ "ಹ್ಞೂ" ಎನ್ನುತ್ತಿದ್ದರು. ಮುಟ್ಟದೇ ಇದ್ದಾಗಲೂ "ಹ್ಞೂ" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಫೇಲಾದರೆ ಕಾಲು ಕತ್ತರಿಸುತ್ತಾರೇನೋ ಎಂಬ ಭಯ ಅವರಿಗೆ.

ಮೊದಲೆಲ್ಲ ಅವಳು ಕಂದು ಕಾಗದದ ಮೇಲೆ ಪಾದ ಇಡಿಸಿ ಪೆನ್ಸಿಲಿನಿಂದ ಸುತ್ತ ಗೀಚುತ್ತಿದ್ದಳು. ಗೋಡೆಯ ಮೊಳೆಗಳಿಗೆ ಆ ಕಾಗದಗಳು ಒಣಹಾಕಿದ ಬಟ್ಟೆಯ ಹಾಗೆ ತೂಗುತ್ತಿದ್ದವು. ಮಳೆಗಾಲದಲ್ಲಿ ಅರ್ಧಕ್ಕರ್ಧ ಜಿರಳೆಯ ಹೊಟ್ಟೆಗೆ. ಆಮೇಲೆ ಕಂಪ್ಯೂಟರ್ ಬಂತು. ಸಂಜೆ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬರು, ತಮ್ಮ ತಾಯಿಗೆ ಇದೇ ಬೂಟಿನ ಮನೆಯಲ್ಲಿ ಬೂಟು ಮಾಡಿಕೊಟ್ಟ ಋಣಕ್ಕೆ, ಪುಕ್ಕಟೆಯಾಗಿ ಒಂದು ಡೇಟಾಬೇಸ್ ಕಟ್ಟಿಕೊಟ್ಟರು. ಅವರನ್ನು ಎಲ್ಲರೂ ಕಂಪ್ಯೂಟರ್ ಮೇಷ್ಟ್ರು ಎನ್ನುತ್ತಿದ್ದರು. ಪರದೆಯ ಮೇಲೆ ಒಬ್ಬೊಬ್ಬ ರೋಗಿಗೂ ಒಂದು ಫಾರ್ಮು. ಎಡಗಡೆ ಹೆಸರು, ವಯಸ್ಸು, ತೂಕ, ಷರಾ. ಬಲಗಡೆ ಚೌಕದೊಳಗೆ ಪಾದದ ನಕ್ಷೆ. ಅದನ್ನು ಎರಡು ಸಲ ಒತ್ತಿದರೆ ಚಿತ್ರ ಬರೆಯುವ ಇನ್ನೊಂದು ಪ್ರೋಗ್ರಾಂ ತೆರೆದುಕೊಳ್ಳುತ್ತಿತ್ತು. ತಿದ್ದಿ ಮುಚ್ಚಿದರೆ ಹೊಸ ನಕ್ಷೆ ಮತ್ತೆ ಫಾರ್ಮಿನ ಚೌಕಕ್ಕೆ ಬಂದು ಕೂರುತ್ತಿತ್ತು. ಮಾರನೆಯ ದಿನ ಬೂಟು ಹೊಲಿಯುವ ಮೇಸ್ತ್ರಿ ತನ್ನ ಕೋಣೆಯಲ್ಲಿ ಅದನ್ನು ಮುದ್ರಿಸಿಕೊಂಡು, ಅದರ ಪ್ರಕಾರ ಅಟ್ಟೆ ಕೊರೆಯುತ್ತಿದ್ದ. ಅಳತೆಯಕ್ಕನಿಗೆ ಇದು ಬಹಳ ಹಿಡಿಸಿತ್ತು. ಬೆರಳಷ್ಟಗಲದ ತಗ್ಗನ್ನು ಅಂಗೈಯಷ್ಟು ದೊಡ್ಡದು ಮಾಡಿ ನೋಡಬಹುದಿತ್ತಲ್ಲ!

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ, ಹಿತ್ತಲ ಕಡೆಯ ಕೋಣೆಯಲ್ಲಿ. ಅಪ್ಪ ಬೇಗ ಹೋದ ಮೇಲೆ ಅವಳನ್ನು ಸಾಕಿ, ಚಿತ್ರಕಲಾ ಶಾಲೆಗೆ ಕಳಿಸಿದವನು ಈ ಅಣ್ಣನೇ. ಅವನ ಕೆಲಸ ನೀರಿನ ಮೀಟರ್ ಓದುವುದು. ಬೆಳಿಗ್ಗೆ ಹೊರಟರೆ ಬೀದಿ ಬೀದಿ ಸುತ್ತಿ, ಬಗ್ಗಿ, ಮುಚ್ಚಳ ಎತ್ತಿ, ಟಾರ್ಚು ಬಿಟ್ಟು ನೋಡಿ ಸಂಜೆಗೆ ಮರಳುತ್ತಿದ್ದ. "ಈ ಊರಿನ ನಾಯಿಗಳಿಗೆಲ್ಲ ನನ್ನ ಪರಿಚಯ ಇದೆ, ಯಜಮಾನರಿಗೇ ಇಲ್ಲ ನೋಡು," ಎಂದು ನಗುತ್ತಿದ್ದ. ತಂಗಿಗೆ ಕೂದಲು ನರೆತರೂ ಅವನ ಬಾಯಲ್ಲಿ ಅವಳು ಪುಟ್ಟಿಯೇ. ಅತ್ತಿಗೆ ಕಟ್ಟುನಿಟ್ಟಿನ ಹೆಂಗಸು, ಆದರೆ ಕೆಟ್ಟವಳಲ್ಲ. ಮಕ್ಕಳಾಗದ ಆ ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ತಗಲದ ಹಾಗೆ, ಒಬ್ಬರನ್ನೊಬ್ಬರು ಬಿಡದ ಹಾಗೆ ಬದುಕಿದ್ದರು.

ಅಣ್ಣನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಹಳೆಯ ಸಂಗತಿ. ಪಾದ ಮರಗಟ್ಟಿದ್ದು ಹೊಸದು. ಒಂದು ದಿನ ಸ್ನಾನ ಮಾಡಿ ಬಂದವನ ಹೆಬ್ಬೆರಳಿನ ಸಂದಿಯಲ್ಲಿ ಚಿಕ್ಕ ಕಲ್ಲಿನ ಚೂರು ಕಚ್ಚಿಕೊಂಡಿದ್ದನ್ನು ಅಳತೆಯಕ್ಕ ನೋಡಿದಳು. ಅವನಿಗೆ ಅದು ಗೊತ್ತೇ ಇರಲಿಲ್ಲ. ಮಾರನೆಯ ದಿನವೇ ಬೂಟಿನ ಮನೆಗೆ ಎಳೆದುಕೊಂಡು ಹೋದಳು. ಅವಳೇ ಅಳತೆ ತೆಗೆದಳು, ಅವಳೇ ನಕ್ಷೆ ಬರೆದಳು, ಮೇಸ್ತ್ರಿ ಬೂಟು ಹೊಲಿದ. ಆ ಬೂಟು ಹಾಕಿಕೊಂಡು ಅಣ್ಣ ಮತ್ತೆ ಬೀದಿ ಸುತ್ತಿದ. ಎಲ್ಲ ಚೆನ್ನಾಗಿಯೇ ಇತ್ತು.

ಮುಂದಿನ ವರ್ಷದ ತಪಾಸಣೆಯಲ್ಲಿ ಬಲಪಾದದ ಆಕಾರವೇ ಬದಲಾಗಿತ್ತು. ಒಳಗಿನ ಎಲುಬು ಕುಸಿದು, ಕಿರುಬೆರಳಿನ ಕಡೆಯ ಅಂಚಿನಲ್ಲಿ ಹೊಸದೊಂದು ಗಂಟು ಎದ್ದಿತ್ತು. ಅಳತೆಯಕ್ಕ ಆ ಗಂಟನ್ನು ಹೆಬ್ಬೆರಳಿನಿಂದ ಸವರಿದಳು.

"ಅಣ್ಣ, ಇನ್ನು ಮೇಲೆ ಹಳೇ ಬೂಟು ಹಾಕ್ಬೇಡ. ಹೊಸದು ಬರೋವರೆಗೆ ಮನೇಲಿರು."

"ಮನೇಲಿದ್ರೆ ನಿಮ್ಮತ್ತಿಗೆ ನನ್ನ ಕೈಲಿ ಕಿಟಕಿ ಒರೆಸ್ತಾಳೆ. ಬೇಗ ಮಾಡ್ಸು ಪುಟ್ಟಿ."

ಅವಳು ಅಂದೇ ಅವನ ಫಾರ್ಮು ತೆರೆದು ನಕ್ಷೆಯನ್ನು ತಿದ್ದಿದಳು. ತಗ್ಗನ್ನು ಹಿಂದಕ್ಕೆ ಸರಿಸಿ ಅಗಲ ಮಾಡಿದಳು. ಚೌಕದಲ್ಲಿ ಹೊಸ ನಕ್ಷೆ ಕೂತದ್ದನ್ನು ಕಣ್ಣಾರೆ ಕಂಡಳು. ಫಾರ್ಮು ಮುಚ್ಚಿದಳು.

ಬೂಟು ಬಂತು. ಒಳಗೆ ಕೈಬಿಟ್ಟು ಬೆರಳಾಡಿಸಿದಳು. ಮೆತ್ತನೆಯ ಹೊದಿಕೆಯ ಕೆಳಗೆ ತಗ್ಗು ಸಿಕ್ಕಿತು. ಎದುರಿಗೆ ಇನ್ನೊಬ್ಬ ರೋಗಿ ಕಾಲು ಚಾಚಿ ಕೂತಿದ್ದ, ನಕ್ಷೆಗೆ ಹೋಲಿಸಿ ನೋಡಲು ಹೊತ್ತಿರಲಿಲ್ಲ. ಸರಿಯಿದೆ ಎಂದುಕೊಂಡು ಅಣ್ಣನ ಕೈಗೆ ಕೊಟ್ಟಳು.

ಚಳಿ ಶುರುವಾಗುವ ಹೊತ್ತಿಗೆ ಅತ್ತಿಗೆ ನೆಲ ಒರೆಸುತ್ತ ಹಜಾರದಲ್ಲಿ ಕಂದುಬಣ್ಣದ ಕಲೆಗಳನ್ನು ಕಂಡಳು. ಬಾಗಿಲಿನಿಂದ ಮಂಚದವರೆಗೆ ಸಾಲಾಗಿದ್ದವು. ಅಣ್ಣನ ಕಾಲುಚೀಲ ಬಿಚ್ಚಿಸಿದಾಗ ವಾಸನೆ ಬಂತು. ಹುಣ್ಣು ಎಲುಬಿಗೆ ಇಳಿದಿತ್ತು. ಆಸ್ಪತ್ರೆಯವರು ಮೊದಲು ಒಂದು ಬೆರಳು ತೆಗೆದರು, ಆಮೇಲೆ ಅರ್ಧ ಪಾದ. ನಂಜು ಮೇಲೇರುತ್ತಲೇ ಇತ್ತು. ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಶಸ್ತ್ರಚಿಕಿತ್ಸೆ ಆದ ದಿನ ಮೇಸ್ತ್ರಿ ಆ ಬೂಟನ್ನು ತರಿಸಿಕೊಂಡು ಒಳ ಅಟ್ಟೆ ಕಿತ್ತು ನೋಡಿದ. ತನ್ನ ಕೋಣೆಯಿಂದ ಮುದ್ರಿಸಿದ ಹಾಳೆಯನ್ನೂ ತಂದ. ಎರಡೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಆದರೆ ಹಾಳೆಯ ಮೇಲಿದ್ದದ್ದು ಹಿಂದಿನ ವರ್ಷದ ನಕ್ಷೆ.

"ಅಕ್ಕ, ನೀವು ತಿದ್ದೋದು ಮರೆತ್ರಾ?" ಮೇಸ್ತ್ರಿ ದನಿ ತಗ್ಗಿಸಿ ಕೇಳಿದ.

"ತಿದ್ದಿದ್ದೀನಿ. ಅವತ್ತೇ ತಿದ್ದಿದ್ದೀನಿ."

ಇಬ್ಬರೂ ಫಾರ್ಮು ತೆರೆದರು. ಅಲ್ಲಿ ಇದ್ದದ್ದೂ ಹಳೆಯ ನಕ್ಷೆಯೇ.

ವಿಭಾಗದ ಡಾಕ್ಟರಮ್ಮ ಒಳ್ಳೆಯವರು. ಬೈಯಲಿಲ್ಲ. "ಮನೆಯವರ ಕಾಲು ಅಂದಾಗ ಮನಸ್ಸು ಸ್ತಿಮಿತದಲ್ಲಿರಲ್ಲ. ತಿದ್ದಬೇಕು ಅಂದ್ಕೊಂಡಿದ್ದನ್ನೇ ತಿದ್ದಿದೆ ಅಂತ ಅನ್ನಿಸಿಬಿಡುತ್ತೆ. ಸ್ವಲ್ಪ ದಿನ ರಜೆ ತಗೊಳ್ಳಿ," ಎಂದು ಬೆನ್ನು ಸವರಿದರು. ಬೈದಿದ್ದರೆ ಎದುರಾಡಬಹುದಿತ್ತು. ಸವರಿದ ಕೈಗೆ ಏನು ಹೇಳುವುದು?

ಮನೆಯಲ್ಲಿ ಅತ್ತಿಗೆ ಕೂಗಾಡಲಿಲ್ಲ. ಒಂದು ಸಂಜೆ ತಟ್ಟೆ ಮುಂದಿಡುತ್ತ, "ಊರವರ ಕಾಲನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯ. ಸಾಕಿದವನ ಕಾಲೇ ನಿನಗೆ ಮರೆತು ಹೋಯ್ತಲ್ಲ," ಎಂದಳು. ಆಮೇಲೆ ಮಾತು ನಿಂತುಹೋಯಿತು. ಅಗತ್ಯಕ್ಕೆ ಎರಡು ಶಬ್ದ, ಅದೂ ಗೋಡೆಗೆ ಹೇಳಿದ ಹಾಗೆ.

ಅಣ್ಣ ಮಾತ್ರ ತಂಗಿಯ ಪರ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೊಂಡುಗಾಲಿನ ಮೇಲೆ ಕಂಬಳಿ ಎಳೆದುಕೊಂಡು, "ಮರೆವು ಯಾರಿಗಿಲ್ಲ? ನಾನೂ ಎಷ್ಟೋ ಮನೆ ಮೀಟರನ್ನ ಓದದೆ ಅಂದಾಜಿಗೆ ಬರ್ಕೊಂಡು ಬಂದಿದ್ದೀನಿ. ಬಿಡು ಪುಟ್ಟಿ," ಎನ್ನುತ್ತಿದ್ದ. ಅತ್ತಿಗೆಯ ಮೌನಕ್ಕಿಂತ ಈ ಮಾತು ಅವಳನ್ನು ಹೆಚ್ಚು ಕೊರೆಯಿತು. ಅವನೂ ಅವಳು ಮರೆತಳು ಎಂದೇ ನಂಬಿದ್ದ.

ಹೀಗೆ ನಾಲ್ಕು ಕಡೆಯಿಂದಲೂ ಒಂದೇ ಮಾತು ಕೇಳಿದರೆ ಎಂಥವರಿಗೂ ತಮ್ಮ ಮೇಲೇ ನಂಬಿಕೆ ಹೋಗುತ್ತದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಬರತೊಡಗಿದಳು. ಬೀಗ ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವಳು. ತಲೆಯ ನರವೇನಾದರೂ ಸಡಿಲವಾಗಿದೆಯೋ ಎಂದು ಒಂದು ದಿನ ಆಸ್ಪತ್ರೆಯ ಮುಂಬಾಗಿಲಿನಲ್ಲಿ ಚೀಟಿ ಮಾಡಿಸಿ, ರೋಗಿಗಳ ಸಾಲಿನಲ್ಲಿ ಕೂತು, ಸರದಿ ಬರುವ ಮುಂಚೆಯೇ ಎದ್ದು ಬಂದಳು. ಕೆಲಸ ಬಿಡುವುದಾಗಿ ಹೇಳಿದಳು. ಡಾಕ್ಟರಮ್ಮ ಒಪ್ಪಲಿಲ್ಲ. ಬದಲಿಗೆ ಇನ್ನು ಮುಂದೆ ಅವಳು ನಕ್ಷೆ ತಿದ್ದುವಾಗ ಮೇಸ್ತ್ರಿ ಒಮ್ಮೆ ನೋಡಲಿ ಎಂದರು. ಇಷ್ಟು ವರ್ಷ ದುಡಿದವಳಿಗೆ ಕಾವಲು. ಅವಳು ಅದಕ್ಕೂ ತಲೆಯಾಡಿಸಿದಳು.

ಆ ಕಾವಲೇ ಗಂಟನ್ನು ಬಿಚ್ಚಿದ್ದು. ಶಾಲೆಯೊಂದರಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ತಪಾಸಣೆಗೆ ಬಂದಿದ್ದಳು. ಅವಳ ಹಿಮ್ಮಡಿಯ ತಗ್ಗನ್ನು ಎಲ್ಲಿಡಬೇಕೆಂದು ಅಳತೆಯಕ್ಕನಿಗೂ ಬೆನ್ನ ಹಿಂದೆ ನಿಂತಿದ್ದ ಮೇಸ್ತ್ರಿಗೂ ಜಗಳವೇ ಆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಹಾಗೆ ಇವಳು ಹಿಂದಕ್ಕೆ ಅಂದರೆ ಅವನು ಮುಂದಕ್ಕೆ. ಕೊನೆಗೆ ಮೇಸ್ತ್ರಿಯೇ ಸೋತು, "ಆಯ್ತು ತಾಯಿ, ನಿಮ್ಮಿಷ್ಟ," ಎಂದ. ಅವನ ಕಣ್ಣೆದುರೇ ಅವಳು ತಿದ್ದಿ, ಮುಚ್ಚಿದಳು.

ಮಾರನೆಯ ದಿನ ಮೇಸ್ತ್ರಿ ಹಾಳೆ ಹಿಡಿದುಕೊಂಡು ಬಂದ. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಇದು ಹಳೇದು."

ಅವಳು ನೋಡಿದಳು. ಹಳೆಯದೇ.

"ನೆನ್ನೆ ನೀವು ತಿದ್ದಿದ್ದನ್ನ ನಾನೇ ನೋಡಿದ್ದೀನಿ. ಬಾಯಿ ನೋಯೋ ಹಾಗೆ ಜಗಳ ಆಡಿದ್ದೀನಿ. ನಿಮಗೆ ಮರೆವು ಅಂದ್ರೆ ನನಗೂ ಮರೆವಾ?"

ಅಳತೆಯಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ. ತಾನು ಮರೆತಿಲ್ಲ ಎಂಬುದು ಮೊದಲು ತಿಳಿಯಿತು. ಹಾಗಾದರೆ ಇನ್ನೆಷ್ಟು ಜನರದು ಹೀಗಾಗಿರಬಹುದು ಎಂಬುದು ಅದರ ಹಿಂದೆಯೇ.

ಕಂಪ್ಯೂಟರ್ ಮೇಷ್ಟ್ರಿಗೆ ಫೋನು ಹೋಯಿತು. ಅವರ ತಾಯಿ ತೀರಿಕೊಂಡು ಬಹಳ ದಿನವಾಗಿತ್ತು, ಬೂಟಿನ ಮನೆಯ ಕಡೆ ತಲೆ ಹಾಕಿರಲಿಲ್ಲ. ಬಂದವರೇ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಫಾರ್ಮು ತೆರೆದು, ನಕ್ಷೆ ತಿದ್ದಿ, ಮುಚ್ಚಿ, ಮತ್ತೆ ತೆರೆದರು. ತಿದ್ದಿದ್ದು ಉಳಿದಿತ್ತು. ಇನ್ನೊಂದು ಸಲ. ಉಳಿದಿತ್ತು. ಇನ್ನೊಂದು ಸಲ. ಉಳಿದಿತ್ತು.

"ನನ್ನ ಕೈಲಿ ಸರಿಯಾಗೇ ಆಗ್ತಿದೆಯಲ್ಲಮ್ಮ," ಎಂದರು. ಮಾತಿನಲ್ಲಿ ಅಹಂಕಾರವಿರಲಿಲ್ಲ, ದಣಿವಿತ್ತು. ಆದರೂ ಅಳತೆಯಕ್ಕನಿಗೆ ಬೆನ್ನು ಸವರಿದ ಕೈ ನೆನಪಾಯಿತು.

"ಷರಾ ಖಾನೇಲಿ ಏನೋ ಬರೀತಿದ್ದೀರಲ್ಲ ಸಾರ್, ಅದೇನು?"

"ಅದಾ? 'ಪರೀಕ್ಷೆ ಒಂದು', 'ಪರೀಕ್ಷೆ ಎರಡು' ಅಂತ. ಯಾವುದು ಯಾವ ಸಲದ್ದು ಅಂತ ನನಗೆ ಗೊತ್ತಾಗಲಿ ಅಂತ."

"ನಾವು ಅಲ್ಲಿ ಏನೂ ಬರೆಯಲ್ಲ. ಬರೀ ನಕ್ಷೆ ತಿದ್ದಿ ಮುಚ್ತೀವಿ."

ಮೇಷ್ಟ್ರು ಅವಳ ಮುಖ ನೋಡಿದರು. ಆಮೇಲೆ ಷರಾ ಮುಟ್ಟದೆ, ತೂಕ ಮುಟ್ಟದೆ, ಬರೀ ನಕ್ಷೆಯಲ್ಲಿ ಒಂದು ದಪ್ಪ ಗೆರೆ ಎಳೆದು ಫಾರ್ಮು ಮುಚ್ಚಿದರು. ತೆರೆದರು. ಗೆರೆ ಇರಲಿಲ್ಲ. ಎಚ್ಚರಿಕೆಯ ಮಾತಿಲ್ಲ, ತಪ್ಪಾಯಿತೆಂಬ ಸದ್ದಿಲ್ಲ. ಏನೂ ನಡೆಯದ ಹಾಗೆ ಹಳೆಯ ಪಾದ ಅಲ್ಲಿ ಕೂತಿತ್ತು.

ಮೇಷ್ಟ್ರು ಇನ್ನೂ ಎರಡು ಸಲ ಹಾಗೇ ಮಾಡಿ ನೋಡಿದರು. ಮೇಸ್ತ್ರಿ ತಂದಿಟ್ಟ ಚಹಾ ಆರಿಹೋಯಿತು. ಆಮೇಲೆ ತಗ್ಗಿದ ದನಿಯಲ್ಲಿ ವಿವರಿಸಿದರು. ಖಾನೆಗಳಲ್ಲಿ ಒಂದಕ್ಷರ ಬದಲಾದರೂ ಈ ದಾಖಲೆ ಬದಲಾಗಿದೆ, ಉಳಿಸಬೇಕು ಎಂದು ಫಾರ್ಮಿಗೆ ತಿಳಿಯುತ್ತದೆ. ನಕ್ಷೆ ಬೇರೆ ಪ್ರೋಗ್ರಾಮಿನದು, ಇಲ್ಲಿ ತಂದು ಕೂರಿಸಿದ್ದು. ಅದರೊಳಗಿನ ತಿದ್ದುಪಡಿ ಕಣ್ಣಿಗೆ ಕಾಣುತ್ತದೆ, ಫಾರ್ಮಿನ ಲೆಕ್ಕಕ್ಕೆ ಬರುವುದಿಲ್ಲ. ಏನೂ ಬದಲಾಗಿಲ್ಲ ಎಂದುಕೊಂಡು ಅದು ಮುಚ್ಚಿಕೊಳ್ಳುತ್ತದೆ. ಹೊಸ ರೋಗಿಯಾದರೆ ಎಲ್ಲ ಖಾನೆಯನ್ನೂ ತುಂಬುತ್ತಾರೆ, ನಕ್ಷೆಯೂ ಉಳಿಯುತ್ತದೆ. ಹಳಬರು ಬಂದಾಗ ತೂಕ ತಿದ್ದಿದರೆ ಉಳಿಯುತ್ತದೆ. ನಕ್ಷೆ ಒಂದನ್ನೇ ತಿದ್ದಿದರೆ ಮಾತ್ರ ಹೋಗುತ್ತದೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಅನುಮಾನ ಬರಲಿಲ್ಲ.

ಅಣ್ಣನ ತೂಕ ಹಿಂದಿನ ವರ್ಷದಷ್ಟೇ ಇತ್ತು. ಅದು ಅಳತೆಯಕ್ಕನಿಗೆ ಚೆನ್ನಾಗಿ ನೆನಪಿತ್ತು. "ಒಂದು ಕಾಳೂ ಹೆಚ್ಚಿಲ್ಲ ನೋಡು," ಎಂದು ಅವನು ಬೀಗಿದ್ದ.

"ಮುಚ್ಚೋಕೆ ಮುಂಚೆ ಉಳಿಸು ಅಂತ ನಾನೇ ಅದಕ್ಕೆ ಹೇಳಬೇಕಿತ್ತು," ಎಂದರು ಮೇಷ್ಟ್ರು. "ಒಂದು ಸಾಲು ಬರೆದಿದ್ರೆ ಸಾಕಿತ್ತು. ಬರೀಲಿಲ್ಲ."

ಅವರು ಆ ಸಾಲನ್ನು ಬರೆದರು. ಷರಾ ಮುಟ್ಟದೆ ಮತ್ತೆ ಮತ್ತೆ ಗೆರೆ ಎಳೆದು ನೋಡಿದರು. ಈಗ ಪ್ರತಿ ಸಲವೂ ಉಳಿಯುತ್ತಿತ್ತು. ಹೊರಡುವಾಗ ಕೋಟನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ಮೇಸ್ತ್ರಿ ಗೇಟಿನವರೆಗೆ ಓಡಿಹೋಗಿ ಕೊಟ್ಟು ಬಂದು, "ಅಟ್ಟ ಮೇಲೆ ಒಲೆ ಉರೀತು," ಎಂದು ತನ್ನಷ್ಟಕ್ಕೆ ಗೊಣಗಿದ.

ಕಷ್ಟದ ಕೆಲಸ ಆಮೇಲೆ ಶುರುವಾಯಿತು. ಯಾರ ನಕ್ಷೆ ಉಳಿದಿಲ್ಲ ಎಂದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಕಳೆದುಹೋದದ್ದರ ಗುರುತೂ ಅದರಲ್ಲಿ ಇರಲಿಲ್ಲ. ಹಾಗಾಗಿ ಎರಡನೆಯ ಬೂಟು ಪಡೆದವರನ್ನೆಲ್ಲ ಕರೆಸಬೇಕಾಯಿತು. ಅಳತೆಯಕ್ಕ ಬೆಳಗಿನಿಂದ ಸಂಜೆಯವರೆಗೆ ಫೋನು ಹಿಡಿದು ಕೂತಳು. "ಆ ಬೂಟು ಹಾಕ್ಬೇಡಿ, ತಗೊಂಡು ಬನ್ನಿ," ಎಂದರೆ ಕೆಲವರು ರೇಗಿದರು. "ಚೆನ್ನಾಗಿದೆ, ಒಂಚೂರೂ ನೋವಿಲ್ಲ," ಎಂದು ಹಲವರು ಹೊಗಳಿದರು. ನೋವಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ಅವಳು "ಇವತ್ತೇ ಬನ್ನಿ" ಎನ್ನುತ್ತಿದ್ದಳು. ಮೇಸ್ತ್ರಿ ಒಂದೊಂದೇ ಅಟ್ಟೆ ಕಿತ್ತು ಹೊಸದಾಗಿ ಕೊರೆದ. ಬಹಳಷ್ಟು ಜನರಿಗೆ ಏನೂ ಆಗಿರಲಿಲ್ಲ. ಕೆಲವರಿಗೆ ಹುಣ್ಣು ಶುರುವಾಗಿತ್ತು, ಸಕಾಲಕ್ಕೆ ಕಣ್ಣಿಗೆ ಬಿತ್ತು. ಗಾಜು ಕತ್ತರಿಸುವ ಕೆಲಸದವನೊಬ್ಬನ ಫೋನಿಗೆ ಉತ್ತರವೇ ಬರಲಿಲ್ಲ. ಅವಳು ವಿಳಾಸ ಹುಡುಕಿಕೊಂಡು ಹೋದಳು. ಅವನ ಮಗಳು ಬಾಗಿಲು ತೆರೆದಳು.

"ಅಪ್ಪ ಹೋಗಿ ಎಂಟು ತಿಂಗಳಾಯ್ತು. ಕಾಲಿಂದ ಶುರುವಾಯ್ತು, ರಕ್ತಕ್ಕೆ ನಂಜು ಏರ್ತು ಅಂದ್ರು," ಎಂದಳು. "ಯಾಕೆ, ಬೂಟು ವಾಪಸು ಕೊಡಬೇಕಿತ್ತಾ?"

ಅಳತೆಯಕ್ಕ ಹೊಸಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿದಳು. ಬಚ್ಚಿಡಲಿಲ್ಲ. ಆ ಹುಡುಗಿ ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು. ಮುಂದೆ ಅವಳು ಆಸ್ಪತ್ರೆಗೆ ದೂರು ಕೊಟ್ಟಳು. ವಿಚಾರಣೆ ಆಯಿತು. ಮೇಷ್ಟ್ರು ಬಂದು, ತಪ್ಪು ತನ್ನದೆಂದು ನಿಂತಲ್ಲೇ ಒಪ್ಪಿಕೊಂಡು ಹೋದರು.

ಮನೆಯಲ್ಲಿ ಹೇಳಿದ್ದು ಆ ಬಾಗಿಲು ಮುಚ್ಚಿದ ಸಂಜೆಯೇ. ಅತ್ತಿಗೆ ಒಗೆದ ಬಟ್ಟೆ ಮಡಿಚುತ್ತಿದ್ದಳು. ಅಣ್ಣ ಕಿಟಕಿಯ ಹತ್ತಿರ ಕೂತಿದ್ದ. ಅಳತೆಯಕ್ಕ ನಿಂತುಕೊಂಡೇ ಹೇಳಿ ಮುಗಿಸಿದಳು.

"ಹಾಗಾದ್ರೆ ನೀನು ಮರೀಲಿಲ್ಲ," ಎಂದ ಅಣ್ಣ.

"ಇಲ್ಲ ಅಣ್ಣ."

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಭುಜ ಅಲುಗುತ್ತಿತ್ತು. ತಂಗಿ ಗಾಬರಿಯಾಗಿ ಹತ್ತಿರ ಹೋದಳು.

"ಕಲೆ ನೆಲದ ಮೇಲೆ ಬೀಳೋಕೆ ಎಷ್ಟೋ ದಿನ ಮುಂಚೆ ನಾನು ನೋಡಿದ್ದೆ ಪುಟ್ಟಿ," ಎಂದ. "ಕಾಲುಚೀಲದಲ್ಲಿ ರಕ್ತ ಇತ್ತು. ನಾನೇ ನಲ್ಲಿ ಕೆಳಗೆ ಹಿಡಿದು ತೊಳ್ಕೊಳ್ತಿದ್ದೆ. ನೀನು ಮಾಡ್ಸಿದ ಬೂಟು. ಹುಣ್ಣಾಯ್ತು ಅಂದ್ರೆ ಆಸ್ಪತ್ರೇಲಿ ನಿನಗೆ ಕೆಟ್ಟ ಮಾತು ಬರುತ್ತೇನೋ ಅಂತ ಹೇಳಲಿಲ್ಲ. ತಾನಾಗೇ ಒಣಗುತ್ತೆ ಅಂದ್ಕೊಂಡೆ. ನೋವೇ ಇರಲಿಲ್ಲವಲ್ಲ."

ಅತ್ತಿಗೆಯ ಕೈಯಲ್ಲಿದ್ದ ಅಂಗಿ ಅರ್ಧ ಮಡಿಚಿದ ಹಾಗೇ ನಿಂತಿತು. ಅವಳು ಗಂಡನನ್ನು ನೋಡಿದಳು, ನಾದಿನಿಯನ್ನು ನೋಡಿದಳು.

"ಅಂದ್ರೆ ಕಂಪ್ಯೂಟರಿಗೂ ಗೊತ್ತಾಗಲಿಲ್ಲ, ಗೊತ್ತಾದ ಗಂಡನೂ ಬಾಯಿ ಬಿಡಲಿಲ್ಲ," ಎಂದಳು. "ಇಷ್ಟು ದಿನ ನಿನ್ನ ಮೇಲಿನ ಸಿಟ್ಟು ಹಿಡ್ಕೊಂಡು ಹೇಗೋ ಎದ್ದು ಓಡಾಡ್ತಿದ್ದೆ. ಈಗ ಅದನ್ನೂ ಕಿತ್ಕೊಂಡ್ರಿ ಇಬ್ಬರೂ ಸೇರಿ."

ಅಂಗಿಯನ್ನು ಕುರ್ಚಿಯ ಮೇಲೆ ಎಸೆದು ಒಳಗೆ ಹೋದಳು.

ಅಣ್ಣ ಇನ್ನೊಂದು ವರ್ಷ ಬದುಕಿದ. ಕೃತಕ ಕಾಲು ಬಂತು, ಆದರೆ ಮನಸ್ಸಿಟ್ಟು ನಡೆಯಲಿಲ್ಲ. ಬೀದಿ ಬೇಡವಾಗಿತ್ತು. ಹೊಸ ಮೀಟರಿನವನು ಮನೆಗೆ ಬಂದಾಗ ಮಾತ್ರ ಎದ್ದು ಕೂತು, "ಬರೀ ಮುಳ್ಳು ನೋಡ್ಬೇಡಪ್ಪ, ಗಾಜು ಒರೆಸಿ ನೋಡು," ಎಂದು ಕುರ್ಚಿಯಿಂದಲೇ ಕೂಗುತ್ತಿದ್ದ. ಒಂದು ಮಧ್ಯಾಹ್ನ ಕೂತಲ್ಲೇ ಎದೆಬಡಿತ ನಿಂತಿತು.

ಅತ್ತಿಗೆ ನಾದಿನಿಯರು ಈಗಲೂ ಆ ಮನೆಯಲ್ಲೇ ಇದ್ದಾರೆ. ಮಾತು ಮರಳಿದೆ, ಮೊದಲಿನಷ್ಟಲ್ಲ. ಅಣ್ಣನ ವಿಷಯ ಬಂದರೆ ಇಬ್ಬರಲ್ಲೊಬ್ಬರು ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಾರೆ. ಬೂಟಿನ ಮನೆಯಲ್ಲಿ ಫಾರ್ಮು ಈಗ ಸರಿಯಾಗಿ ಕೆಲಸ ಮಾಡುತ್ತದೆ. ಆದರೂ ಅಳತೆಯಕ್ಕ ನಕ್ಷೆ ತಿದ್ದಿ ಮುಚ್ಚಿದ ಮೇಲೆ ಮತ್ತೆ ತೆರೆಯುತ್ತಾಳೆ. ಇದೆ ಎಂದು ನೋಡಿ ಮುಚ್ಚುತ್ತಾಳೆ. ಮತ್ತೆ ತೆರೆಯುತ್ತಾಳೆ. ಹೊರಗೆ ಕಾದವರ ಸಾಲು ಬೆಳೆಯುತ್ತದೆ. ಯಾರಾದರೂ ಗೊಣಗಿದರೆ ಮೇಸ್ತ್ರಿ ತನ್ನ ಕೋಣೆಯಿಂದ ಹೊರಗೆ ಬಂದು, "ಸ್ವಲ್ಪ ಕೂತ್ಕೊಳ್ರಪ್ಪ," ಎಂದಷ್ಟೇ ಹೇಳಿ ಒಳಗೆ ಹೋಗುತ್ತಾನೆ.